ದುಡ್ಡು ಮುಳುಗಿದರೆ ಹೊಣೆ ಯಾರದು? ಪಾಲುದಾರಿಕೆ, ಷೇರು, ಸಾಲ

ಗೆಳೆಯನ ವ್ಯಾಪಾರಕ್ಕೆ ದುಡ್ಡು ಹಾಕುವ ಮುಂಚೆ ನಷ್ಟದ ಲೆಕ್ಕ ನೋಡಿ. ಸಾಮಾನ್ಯ ಪಾಲುದಾರಿಕೆಯಲ್ಲಿ ಹಾಕಿದ್ದಷ್ಟೇ ಹೋಗುವುದಿಲ್ಲ; ಇನ್ನೊಬ್ಬ ಪಾಲುದಾರ ಸಂಸ್ಥೆಯ ಹೆಸರಲ್ಲಿ ಮಾಡಿದ ಸಾಲ ನಿಮ್ಮ ಸ್ವಂತ ಮನೆಯವರೆಗೂ ಬರಬಹುದು. ಕಂಪನಿಯ ಷೇರು ಕೊಂಡರೆ ನಷ್ಟ ಹಾಕಿದ ಹಣಕ್ಕೇ ನಿಲ್ಲುತ್ತದೆ. 1896ರಲ್ಲಿ ಸಾಲೊಮನ್ ಪ್ರಕರಣದಲ್ಲಿ ಬ್ರಿಟನ್ನಿನ ಆಗಿನ ಅತ್ಯುನ್ನತ ನ್ಯಾಯಾಲಯವಾದ ಹೌಸ್ ಆಫ್ ಲಾರ್ಡ್ಸ್ ಎತ್ತಿಹಿಡಿದದ್ದೂ ಇದನ್ನೇ: ಕಂಪನಿಯ ಸಾಲ ಕಂಪನಿಯದು. ಆದರೆ ಬ್ಯಾಂಕಿಗೆ ವೈಯಕ್ತಿಕ ಜಾಮೀನು ಹಾಕಿದಿರೋ, ಅಷ್ಟರ ಮಟ್ಟಿಗೆ ಆ ರಕ್ಷಣೆ ಹೋಯಿತು. ಎಷ್ಟೋ ಜನ ಎಡವುವುದು ಈ ಒಂದು ಸಹಿಯಲ್ಲೇ.

ಸಾಲ ಕೊಟ್ಟವರಿಗೆ ಕಂಪನಿ ಮುಚ್ಚಿದಾಗ ಷೇರುದಾರರಿಗಿಂತ ಮೊದಲು ಸರದಿ. ಅಡಮಾನವಿಲ್ಲದಿದ್ದರೆ ಸಿಗುವುದು ಅಷ್ಟಕ್ಕಷ್ಟೇ.

ದಿನಾ ಕೂತು ವ್ಯವಹಾರ ನೋಡುವವರಿಗೆ, ಹೊರಗಿನ ಸಾಲ ಕಡಿಮೆಯಿದ್ದರೆ, ಪಾಲುದಾರಿಕೆ ಸಾಕು. ದೂರದಲ್ಲಿರುವವರಿಗೆ ಷೇರು. ಹಣ ಇಂಥ ದಿನಕ್ಕೆ ವಾಪಸ್ ಬೇಕೆನ್ನುವವರು ಪತ್ರ ಬರೆಸಿಕೊಂಡೇ ಸಾಲ ಕೊಡಿ.