ತಿರುಗುವ ರಿವೆಟ್ ಮೇಲೆ ಡ್ರಿಲ್ ಒತ್ತಬೇಡಿ

ಪುಣೆಯ ಜೂನಾ ಬಜಾರಿನಿಂದ ರವಿವಾರಕ್ಕೋ ಬುಧವಾರಕ್ಕೋ ಹಳೆ ಪತ್ರಾ (ತಗಡಿನ) ಟ್ರಂಕ್ ತಂದು, ಅದರ ಕೊಂಡಿ ಮನೆಯಲ್ಲೇ ಬದಲಿಸಲು ಕೂರುವವರು ಇದನ್ನು ಓದಿ ಆಮೇಲೆ ಡ್ರಿಲ್ ಎತ್ತಿಕೊಳ್ಳಿ. ಮೊನ್ನೆ ಭೋಸರಿಯಲ್ಲಿ ನಮ್ಮ ವಿಜಯಪುರ ಕಡೆಯವರೊಬ್ಬರ ಎಡಗೈ ಹೆಬ್ಬೆರಳ ಬುಡಕ್ಕೆ ಐದು ಹೊಲಿಗೆ ಬಿದ್ದವು. ಟ್ರಂಕಿನ ಮುಚ್ಚಳವೂ ಹಾಳು. ಇಷ್ಟಾಗಿ ಬಿಚ್ಚಿದ್ದು ಕೊಂಡಿಯನ್ನು ಪತ್ರಾಕ್ಕೆ ಬಿಗಿದಿದ್ದ ನಾಲ್ಕು ರಿವೆಟ್ ಮೊಳೆಗಳಲ್ಲಿ ಒಂದೇ.

ಕೊಂಡಿಗೆ ಹೊಡೆದಿದ್ದದ್ದು 4.8 ಮಿಮೀ ಅಲ್ಯೂಮಿನಿಯಂ ಪಾಪ್ ರಿವೆಟ್. ಮೊದಲನೆಯದು ಸಲೀಸಾಗಿ ಬಂತು. ಎರಡನೆಯದರ ಮೇಲೆ ಡ್ರಿಲ್ಲಿನ ಕೊರೆಯುವ ಕಡ್ಡಿ, ಅಂದರೆ ಬಿಟ್, ಇಟ್ಟದ್ದೇ ತಡ, ರಿವೆಟ್ ಕೂಡ ಬಿಟ್ ಜತೆ ಗಿರಗಿರ ತಿರುಗಿತು. ಅವರು ಮೈಭಾರ ಹಾಕಿ ಒತ್ತಿದರು. ತಲೆ ಕಾಯಿತು, ಪತ್ರಾದ ತೂತು ಸವೆದು ಮೊಟ್ಟೆಯಾಕಾರಕ್ಕೆ ಬಂತು, ಬಿಟ್ ಪಕ್ಕಕ್ಕೆ ಜಾರಿ ಬರಿ ಪತ್ರಾಕ್ಕೆ ಇಳಿಯಿತು. ತೆಳು ಪತ್ರಾ ತೂತಾಗುವ ಕೊನೆಯ ಕ್ಷಣದಲ್ಲಿ ಬಿಟ್ಟಿನ ಸುರುಳಿಯನ್ನು ಸ್ಕ್ರೂ ಹಾಗೆ ಹತ್ತಿಬಿಡುತ್ತದೆ. ಮುಚ್ಚಳ ಇದ್ದದ್ದು ತೊಡೆಯ ಮೇಲೆ, ಹಿಡಿದದ್ದು ಬರಿಗೈ. ಅದು ಫ್ಯಾನಿನಂತೆ ಅರ್ಧ ಸುತ್ತು ಹೊಡೆಯಿತು.

ಹಟ ಮಾಡುವ ರಿವೆಟ್ ಅಂದರೆ ಬಿಗಿಯಾಗಿ ಕೂತದ್ದು ಅಂತಲೇ ಎಲ್ಲರ ಲೆಕ್ಕ. ತುಕ್ಕಲ್ಲಿ ಕಚ್ಚಿಕೊಂಡದ್ದು ನಿಜಕ್ಕೂ ಸುಲಭದ್ದು, ಅಲ್ಲಾಡದೆ ಕೊರೆಸಿಕೊಳ್ಳುತ್ತದೆ. ಕಾಡುವುದು ಸಡಿಲಾದದ್ದು. ಮಳೆಗಾಲದ ತೇವದಲ್ಲಿ ಕಬ್ಬಿಣಕ್ಕೆ ತಾಗಿರುವ ಅಲ್ಯೂಮಿನಿಯಂ ಸವೆದು ಬಿಳಿ ಪುಡಿಯಾಗುತ್ತದೆ. ತಲೆಯ ಅಂಚಿಗೆ ಉಪ್ಪಿನ ಗೆರೆಯಂತೆ ಕಾಣುವುದು ಅದೇ. ಡ್ರಿಲ್ ಹಚ್ಚುವ ಮೊದಲು ತಲೆಯನ್ನು ಇಕ್ಕಳದಲ್ಲಿ ಹಿಡಿದು ತಿರುಗಿಸಿ ನೋಡಿ. ಒಂದಿಷ್ಟು ತಿರುಗಿದರೂ ಸೀದಾ ಬಿಟ್ ಇಡಬೇಡಿ.

ಬಿಟ್ ಜಾರುವುದಕ್ಕೆ ಕಾರಣ ಬೇರೆ. ಪಾಪ್ ರಿವೆಟ್ ಎಂದರೆ ಮೆತ್ತನೆ ಅಲ್ಯೂಮಿನಿಯಂ ಕೊಳವೆ, ಅದರೊಳಗೆ ಉಕ್ಕಿನ ಕಡ್ಡಿ. ರಿವೆಟ್ ಹೊಡೆಯುವ ಗನ್ ಎಳೆದಾಗ ಕಡ್ಡಿ ಮುರಿದು ತುದಿಯ ತುಂಡು ಒಳಗೇ ಉಳಿಯುತ್ತದೆ. ಡ್ರಿಲ್ಲಿನ ಮೂತಿ ಮೊದಲು ತಾಗುವುದು ಆ ಗಟ್ಟಿ ತುಂಡಿಗೆ. ಅಲ್ಲಿ ಕಚ್ಚದೆ ಪಕ್ಕದ ಮೆತ್ತಗಿನ ಕಡೆ ಓಡುತ್ತದೆ. ಹಾಗಾಗಿ ಮೊದಲ ಕೆಲಸ ಆ ತುಂಡನ್ನು ಕೆಳಗೆ ಬೀಳಿಸುವುದು. 4.8ರ ರಿವೆಟ್‌ಗೆ 2.5 ಮಿಮೀ ಪಿನ್ ಪಂಚ್ (ಸುತ್ತಿಗೆಯಲ್ಲಿ ಹೊಡೆಯುವ ತೆಳು ಉಕ್ಕಿನ ಸಲಾಕೆ), 3.2ರದ್ದಕ್ಕೆ 1.5ರ ಪಂಚ್. ಹಿಂದೆ 10 ಮಿಮೀ ತೂತಿರುವ ಮರದ ತುಂಡು ಕೊಟ್ಟು ಸಣ್ಣ ಸುತ್ತಿಗೆಯಲ್ಲಿ ಎರಡು ಮೂರು ಪೆಟ್ಟು. ತುಂಡು ಬಿದ್ದರೆ ನಡುವೆ ಕುಳಿ ಉಳಿಯುತ್ತದೆ, ಆಮೇಲೆ ಬಿಟ್ ತಾನೇ ಅಲ್ಲಿ ಕೂರುತ್ತದೆ.

ಈಗ ತಿರುಗದಂತೆ ಹಿಡಿಯುವ ಮಾತು. ಹಿಂಭಾಗಕ್ಕೆ ಕೈ ಹೋಗುವಂತಿದ್ದರೆ ಉಬ್ಬಿದ ಬಾಲವನ್ನು ಗ್ರಿಪ್ ಪ್ಲೈಯರ್‌ನಲ್ಲಿ ಕಚ್ಚಿಸಿ. ಇದಕ್ಕಿಂತ ಒಳ್ಳೆ ದಾರಿ ಇಲ್ಲ. ಕೈ ಹೋಗದಿದ್ದರೆ ತೆಳು ಉಳಿಯ ಬಾಯನ್ನು ತಲೆಯ ಅಂಚಿನಡಿ ತೂರಿಸಿ ಅಲ್ಲೇ ಒತ್ತಿ ಹಿಡಿಯಬೇಕು, ಡ್ರಿಲ್ ಇನ್ನೊಬ್ಬರು ಹಿಡಿಯಲಿ. ತಲೆಯಡಿ ಸೂಪರ್ ಗ್ಲೂ ಹನಿ ಬಿಡುವ ಉಪಾಯವನ್ನೂ ಹೇಳುವವರಿದ್ದಾರೆ. ತಲೆ ಕಾದ ಕೂಡಲೇ ಅದು ಬಿಟ್ಟುಕೊಳ್ಳುತ್ತದೆ.

ಪತ್ರಾವನ್ನು ಹಲಗೆಗೆ ಎರಡು ಸಿ-ಕ್ಲಾಂಪ್ ಹಾಕಿ ಬಿಗಿಯಿರಿ. ಬಟ್ಟೆಯ ಗ್ಲೋವ್ಸ್ ಬೇಡವೇ ಬೇಡ, ನೂಲು ಬಿಟ್ಟಿಗೆ ಸಿಕ್ಕರೆ ಬೆರಳನ್ನೂ ಎಳೆಯುತ್ತದೆ. ಕನ್ನಡಕ ಮಾತ್ರ ಬೇಕೇ ಬೇಕು. ಬಿಟ್ ರಿವೆಟ್ಟಿನ ಕಾಂಡದಷ್ಟೇ ಇರಲಿ, 4.8ಕ್ಕೆ 4.8. ಕೊರೆಯಬೇಕಾದ್ದು ತಲೆಯನ್ನಷ್ಟೇ, ಆರಪಾರ ಹೋಗಬೇಕಿಲ್ಲ. ತಲೆ ಕಳಚಿ ಸಣ್ಣ ಉಂಗುರದಂತೆ ಬಿಟ್ಟಿಗೆ ಏರಿ ಅದರ ಜತೆ ಸುತ್ತತೊಡಗಿದರೆ ಅಲ್ಲಿಗೆ ನಿಲ್ಲಿಸಿ. ಉಳಿದ ಕೊಳವೆಯನ್ನು ಪಂಚ್‌ನಲ್ಲಿ ಹಿಂದಕ್ಕೆ ತಳ್ಳಿದರೆ ಬೀಳುತ್ತದೆ. ಉಂಗುರ ಸುಡುತ್ತಿರುತ್ತದೆ, ಬೆರಳಿಂದ ತೆಗೆಯಬೇಡಿ.

ಸ್ಟೇನ್‌ಲೆಸ್ ರಿವೆಟ್ ಆದರೆ ಆಟವೇ ಬೇರೆ. ಮನೆಯ ಡ್ರಿಲ್ಲಿನ ಪೂರ್ತಿ ವೇಗದಲ್ಲಿ ಬಿಟ್ ಬರೀ ಉಜ್ಜುತ್ತದೆ, ಉಜ್ಜಿದ ಜಾಗ ಇನ್ನೂ ಗಟ್ಟಿಯಾಗಿ ಕನ್ನಡಿಯಂತೆ ಹೊಳೆಯುತ್ತದೆ, ಆಮೇಲೆ ಏನೂ ಇಳಿಯುವುದಿಲ್ಲ. ಕೋಬಾಲ್ಟ್ ಬಿಟ್, 700–800 ಆರ್‌ಪಿಎಂ, ಕಟಿಂಗ್ ಎಣ್ಣೆ, ಒಂದೇ ಸಮ ಗಟ್ಟಿ ಒತ್ತಡ. ಗಟ್ಟಿ ಒತ್ತಬೇಕಾದ್ದು ಇಲ್ಲೊಂದೇ ಕಡೆ.

ಸಿಟ್ಟಿಗೆ ಗ್ರೈಂಡರ್ ಎತ್ತುವವರಿಗೂ ಎರಡು ಮಾತು. 1 ಮಿಮೀ ಕಟಿಂಗ್ ಡಿಸ್ಕನ್ನು ಅಡ್ಡ ಮಲಗಿಸಿ ತಲೆ ಸವೆಸಬೇಡಿ, ಅಡ್ಡ ಒತ್ತಡಕ್ಕೆ ಅದು ಒಡೆದು ಹಾರುತ್ತದೆ. ಉಕ್ಕಿನ ಗಟ್ಟಿ ರಿವೆಟ್‌ಗೆ ಫ್ಲ್ಯಾಪ್ ಡಿಸ್ಕ್ ಸಾಕು. ಅಲ್ಯೂಮಿನಿಯಮನ್ನು ಮಾಮೂಲಿ ಬೂದು ಗ್ರೈಂಡಿಂಗ್ ಕಲ್ಲಿಗೆ ಹಿಡಿದರೆ ಕರಗಿ ಕಲ್ಲಿನ ರಂಧ್ರ ತುಂಬುತ್ತದೆ, ಕಲ್ಲು ಕಾದು ಸಿಡಿಯಬಹುದು. ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ ಪತ್ರಾಕ್ಕೆ ಗ್ಯಾಸ್ ಟಾರ್ಚ್ ಹಚ್ಚುವುದಂತೂ ಇನ್ನೂ ಕೆಟ್ಟದ್ದು. ಸತು 907 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ. ಮಳೆಗೆ ಕಿಟಕಿ ಮುಚ್ಚಿದ ಖೋಲಿಯಲ್ಲಿ ಆ ಹೊಗೆ ಕುಡಿದವರಿಗೆ ರಾತ್ರಿ ಚಳಿಜ್ವರ ಬರುತ್ತದೆ.

ತಾಮ್ರದ ಪಾತ್ರೆಯ ಹಿಡಿಕೆಯ ರಿವೆಟ್ ಬಿಚ್ಚುವ ಉಮೇದಿದ್ದರೆ ಪುಣೆಯ ಕಸಬಾ ಪೇಠದ ತಾಂಬಟ್ ಆಳಿ ಎಂಬ ಓಣಿಯ ತಾಂಬಟರ (ತಾಮ್ರದ ಕೆಲಸದವರ) ಕೈಗೇ ಕೊಡಿ. ಒಳಗಿನ ಕಲಾಯಿ ತವರದ್ದು, 232 ಡಿಗ್ರಿಗೇ ಕರಗುತ್ತದೆ. ಗ್ರೈಂಡರ್ ಬಿಸಿಯನ್ನು ಅದು ತಡೆಯುವುದಿಲ್ಲ.

ತೂತು ಹಿಗ್ಗಿಹೋಗಿದ್ದರೆ ಇನ್ನೂ ದಪ್ಪ ರಿವೆಟ್ ಹುಡುಕಬೇಡಿ, 6.4ರದ್ದನ್ನು ಸಾಮಾನ್ಯ ಕೈ ಗನ್ ಎಳೆಯುವುದಿಲ್ಲ. ಎಂ5 (5 ಮಿಮೀ) ಬೋಲ್ಟ್, ಒಳಗಿಂದ ದೊಡ್ಡ ವಾಶರ್, ನಟ್ ಹಾಕಿ. ಕೆಲಸ ಮುಗಿದ ಮೇಲೆ ಟ್ರಂಕ್ ಬೋರಲು ಹಾಕಿ ಕೊಡವಿ, ಮೂಲೆಗಳಲ್ಲಿ ಅಯಸ್ಕಾಂತ ಆಡಿಸಿ. ಒಂದು ಉಕ್ಕಿನ ಚೂರು ಉಳಿದರೂ ಜುಲೈ ಬರುವಷ್ಟರಲ್ಲಿ ಸೀರೆಗೆ ತುಕ್ಕಿನ ಚುಕ್ಕೆ ಬಿದ್ದಿರುತ್ತದೆ.