ಮೊದಲ ಚಾಕು ಮಾಡುವವರೇ, ಉಕ್ಕಿನ ಪಟ್ಟಿಯ ಮೇಲೆ ಬರೆದ ಹೆಸರು ನಂಬಬೇಡಿ

ಮನೆಯಲ್ಲೇ ಚಾಕು ಮಾಡಿ ಕಲಿಯಬೇಕು ಅಂತ ಆಸೆ ಇರುವವರು, ಆನ್‌ಲೈನ್‌ನಲ್ಲಿ ಸಿಗುವ ‘ಬಿಗಿನರ್ ಕಿಟ್’ ತರಿಸುವ ಮೊದಲು ಇದನ್ನು ಓದಿ. ನನಗೆ 1095 ಉಕ್ಕು ಅಂತ ಹೇಳಿ ಕೊಟ್ಟಿದ್ದು ಗೇಟು, ಗ್ರಿಲ್ಲು ಮಾಡುವ ಮಾಮೂಲಿ ಕಬ್ಬಿಣ. ಜೊತೆಗೆ ಬಂದ ಕುಲುಮೆಯ ಹೊಗೆ ಕುಡಿದು ರಾತ್ರಿಯಿಡೀ ಚಳಿಜ್ವರದಲ್ಲಿ ನಡುಗಿದೆ. ಬದಲಿಗೆ ಕಳಿಸಿದ ಇನ್ನೊಂದು ಪಟ್ಟಿ ನೀರಿಗೆ ಬಿಟ್ಟ ಕೂಡಲೇ ಬಿರುಕು ಬಿಟ್ಟಿತು. ಮಾರಿದವರ ಹೆಸರು ಇಲ್ಲಿ ಹಾಕುವುದಿಲ್ಲ. ಹೆಸರು ಬದಲಿಸಿ ಇನ್ನೊಂದು ಪುಟ ತೆರೆಯುವುದು ಅವರಿಗೆ ಕಷ್ಟವಲ್ಲ. ಪಟ್ಟಿಯನ್ನು ಪರೀಕ್ಷೆ ಮಾಡುವುದು ಹೇಗೆ ಅಂತ ಗೊತ್ತಿದ್ದರೆ ಯಾರೂ ನಿಮ್ಮನ್ನು ಹೀಗೆ ಮೋಸ ಮಾಡಲು ಆಗುವುದಿಲ್ಲ.

ಕಿಟ್ಟಿಗೆ 6,500 ರೂಪಾಯಿ ಕೊಟ್ಟೆ. ಒಂದು ಉಕ್ಕಿನ ಪಟ್ಟಿ, ಹಿಡಿಗೆ ಬೀಟೆ ಮರದ ಎರಡು ಹಲಗೆ ತುಂಡು, ಹಿತ್ತಾಳೆ ಪಿನ್ನು, ಅಂಟು, ಒಂದು ಅರ, ಅಂಗೈ ಅಗಲದ ಬಾಯಿಯ ಗ್ಯಾಸ್ ಕುಲುಮೆ. ಪಟ್ಟಿಯ ಮೇಲೆ ಮಾರ್ಕರ್ ಪೆನ್ನಿನಲ್ಲಿ ದಪ್ಪಗೆ ‘1095’ ಅಂತ ಬರೆದಿತ್ತು. ಅದನ್ನು ಬಿಟ್ಟು ಬೇರೆ ಯಾವ ಕಾಗದವೂ ಇರಲಿಲ್ಲ.

1095 ಅಂದರೆ ಸುಮಾರು 0.95% ಇಂಗಾಲ ಇರುವ ಉಕ್ಕು. ಚಾಕುವಿನ ಜೀವ ಇರುವುದೇ ಈ ಇಂಗಾಲದಲ್ಲಿ. ಕೆಂಪಗೆ ಕಾಯಿಸಿ ಥಟ್ಟನೆ ತಣ್ಣಗೆ ಮಾಡಿದಾಗ ಉಕ್ಕು ಗಟ್ಟಿಯಾಗುವುದು ಇಂಗಾಲದಿಂದ. ಮಾಮೂಲಿ ಕಬ್ಬಿಣದಲ್ಲಿ, ಅಂಗಡಿಯವರು ಎಂ.ಎಸ್. ಅನ್ನುತ್ತಾರಲ್ಲ ಅದರಲ್ಲಿ, ಇಂಗಾಲ 0.25%ಗಿಂತ ಕಡಿಮೆ. ಅದನ್ನು ಎಷ್ಟು ಕಾಯಿಸಿ ಅದ್ದಿದರೂ ಚಾಕುವಿಗೆ ಬೇಕಾದ ಹದ ಬರುವುದಿಲ್ಲ. ತೊಂದರೆ ಏನೆಂದರೆ, ನೋಡಲು ಎರಡೂ ಒಂದೇ ಥರ. ಅದೇ ಬಣ್ಣ, ಅದೇ ತೂಕ, ಆಯಸ್ಕಾಂತ ಎರಡಕ್ಕೂ ಅಂಟುತ್ತದೆ. ಅರ ಹಾಕುವಾಗ ಎಂ.ಎಸ್. ಸ್ವಲ್ಪ ಸಲೀಸಾಗಿ ಕೊರೆಯುತ್ತದೆ, ಆದರೆ ಮೊದಲ ಸಲ ಅರ ಹಿಡಿದವನಿಗೆ ಅದು ತಿಳಿಯುವುದಿಲ್ಲ.

ಸಂಜೆ ಸಂಜೆ ತಾರಸಿ ಮೇಲೆ ಕೂತು ಅರ ಉಜ್ಜಿ ಅಲಗಿಗೆ ಆಕಾರ ಕೊಟ್ಟೆ. ಕೈ ಬೊಬ್ಬೆ ಬಂತು. ಅಲಗು ಮಾತ್ರ ಚೆನ್ನಾಗೇ ಬಂದಿತ್ತು, ಅಮ್ಮನ ಅಡುಗೆಮನೆಗೆ ಅಂತ ಮನಸ್ಸಿಟ್ಟು ಮಾಡಿದ್ದು. ಆಮೇಲೆ ಹದ ಹಾಕುವ ದಿನ ಕುಲುಮೆ ಹೊತ್ತಿಸಿದೆ.

ಆ ಕುಲುಮೆ ಅಂದರೆ ಒಳಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಮೆತ್ತಿದ ತಗಡಿನ ಡಬ್ಬ. ಸ್ವಲ್ಪ ಹೊತ್ತಿನಲ್ಲೇ ಪ್ಲಾಸ್ಟರ್ ಬಿರಿದು ಹೊಪ್ಪಳೆ ಹೊಪ್ಪಳೆಯಾಗಿ ಉದುರಿತು. ಜ್ವಾಲೆ ನೇರ ತಗಡಿಗೆ ಹೊಡೆಯತೊಡಗಿತು. ಬಾಯಿಯ ಸುತ್ತ ಬೆಳ್ಳಗೆ ಹೊಗೆ ಎದ್ದಿತು, ಅಂಚಿಗೆಲ್ಲ ಬಿಳಿ ಪುಡಿ ಕೂತಿತು. ಅದು ಗ್ಯಾಲ್ವನೈಸ್ ಮಾಡಿದ ತಗಡು, ಅಂದರೆ ಸತುವಿನ ಲೇಪ ಇರುವಂಥದ್ದು. ಸತು 419 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, 907ಕ್ಕೆ ಕುದಿದು ಆವಿಯಾಗುತ್ತದೆ. ಗ್ಯಾಸ್ ಕುಲುಮೆಯ ಬೆಂಕಿಗೆ ಅದೇನೂ ಜಾಸ್ತಿ ಅಲ್ಲ. ಆ ಬಿಳಿ ಹೊಗೆ ಉಸಿರಿಗೆ ಹೋದರೆ ಕೆಲವು ಗಂಟೆ ಬಿಟ್ಟು ಜ್ವರ ಬರುತ್ತದೆ. ನನಗೂ ಹಾಗೇ ಆಯಿತು. ರಾತ್ರಿ ಊಟಕ್ಕೆ ಕೂತಾಗ ಬಾಯೆಲ್ಲ ಲೋಹದ ರುಚಿ, ಆಮೇಲೆ ಹಲ್ಲು ಕಟಕಟ ಅನ್ನುವ ಚಳಿ, ಎದೆ ಬಿಗಿತ. ಡಾಕ್ಟರು ಕೇಳಿದ ಮೊದಲ ಪ್ರಶ್ನೆಯೇ, ‘ವೆಲ್ಡಿಂಗ್ ಏನಾದ್ರೂ ಮಾಡಿದ್ರಾ?’ ವೆಲ್ಡರ್‌ಗಳಲ್ಲಿ ಇದನ್ನು ಅವರು ನೋಡಿದ್ದಾರೆ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ, ನನಗೂ ಇಳಿಯಿತು. ಆದರೆ ಉಸಿರಾಟಕ್ಕೆ ಕಷ್ಟ ಆದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ನಾನಿದ್ದಿದ್ದು ಬಯಲು ತಾರಸಿಯಲ್ಲಿ. ಕಿಟಕಿ ಮುಚ್ಚಿದ ಗ್ಯಾರೇಜಿನಲ್ಲಿ ಯಾರಾದರೂ ಇದನ್ನೇ ಹೊತ್ತಿಸಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿದರೆ ಈಗಲೂ ಸಿಟ್ಟು ಬರುತ್ತದೆ.

ಇನ್ನು ಅಲಗಿನ ಕಥೆ. ಆಯಸ್ಕಾಂತ ಹಿಡಿಯುವುದು ನಿಲ್ಲುವವರೆಗೆ ಕಾಯಿಸಿ, ಇನ್ನೂ ಸ್ವಲ್ಪ ಕೆಂಪೇರಿಸಿ, ಬೆಚ್ಚಗಿದ್ದ ಕಡ್ಲೆಕಾಯಿ ಎಣ್ಣೆಗೆ ಇಳಿಸಿದ್ದೆ. ಸರಿಯಾಗಿ ಹದ ಬಂದಿದ್ದರೆ ಅರ ಅಲಗಿನ ಮೇಲೆ ಜಾರಬೇಕು, ಕಚ್ಚಬಾರದು. ನನ್ನ ಅರ ಮೊದಲಿನ ಹಾಗೇ ಕೊರೆಯಿತು. ಮಾರಿದವರನ್ನು ಕೇಳಿದರೆ, ‘ಮೇಲಿನ ಪದರದ ಇಂಗಾಲ ಬೆಂಕಿಯಲ್ಲಿ ಸುಟ್ಟುಹೋಗಿರುತ್ತೆ ಸರ್, ಇನ್ನೂ ಆಳಕ್ಕೆ ಉಜ್ಜಿ ನೋಡಿ’ ಅಂದರು. ಈ ಮಾತು ಸುಳ್ಳಲ್ಲ, ನಿಜವಾದ ಉಕ್ಕಿನಲ್ಲೂ ಹಾಗಾಗುತ್ತದೆ. ಅದಕ್ಕೇ ನಂಬಿಕೆ ಬರುತ್ತದೆ. ಆಳಕ್ಕೆ ಉಜ್ಜಿದರೂ ಅರ ಕಚ್ಚುತ್ತಲೇ ಇತ್ತು. ಆಗ ಹೊಸ ಮಾತು: ‘ಎಣ್ಣೆ ಸಾಲದು, ನೀರಲ್ಲಿ ಅದ್ದಿ.’

ಊರಿಗೆ, ಸಾಗರದ ಕಡೆಗೆ ಹೋಗಿದ್ದಾಗ ಉಳಿದ ತುಂಡನ್ನು ನಮ್ಮ ಕಮ್ಮಾರಸಾಲೆಯ ಆಚಾರರಿಗೆ ತೋರಿಸಿದೆ. ಅವರು ಅದನ್ನು ಕಾಯಿಸಲೂ ಇಲ್ಲ. ಸಾಣೆ ಚಕ್ರಕ್ಕೆ ಮುಟ್ಟಿಸಿದರು. ಕಿಡಿಗಳು ಉದ್ದಕ್ಕೆ, ನೆಟ್ಟಗೆ ಹೋಗಿ ಸುಮ್ಮನೆ ಆರಿಹೋದವು. ಪಕ್ಕದಲ್ಲಿದ್ದ ಹಳೇ ಕತ್ತಿಯ ಬೆನ್ನನ್ನು ಮುಟ್ಟಿಸಿದರು. ಆ ಕಿಡಿ ಅರ್ಧದಲ್ಲೇ ಒಡೆದು, ತುದಿಯಲ್ಲಿ ಕವಲು ಕವಲಾಗಿ ಸಿಡಿಯಿತು. ‘ಇದು ಗೇಟಿನ ಕಬ್ಬಿಣ ತಮ್ಮ. ಇದಕ್ಕೆ ಹದ ಹಿಡಿಯಲ್ಲ’ ಅಂದರು. ಬೆಂಗಳೂರಿಗೆ ವಾಪಸ್ ಬಂದ ಮೇಲೆ ಪೀಣ್ಯದ ಒಂದು ಲ್ಯಾಬಿನಲ್ಲಿ ಸ್ಪೆಕ್ಟ್ರೋ ಟೆಸ್ಟ್, ಅಂದರೆ ಲೋಹದಲ್ಲಿ ಏನೇನು ಎಷ್ಟೆಷ್ಟು ಇದೆ ಅಂತ ಅಳೆಯುವ ಪರೀಕ್ಷೆ, ಮಾಡಿಸಿದೆ. ಇಂಗಾಲ 0.2% ಕೂಡ ಇರಲಿಲ್ಲ.

ಆ ವರದಿ ಕಳಿಸಿದ ಮೇಲೆ ಬದಲಿ ಪಟ್ಟಿ ಬಂತು. ಅದರ ಮೇಲೂ ಅದೇ ಮಾರ್ಕರ್ ಪೆನ್ನು, ಅದೇ 1095. ಇದನ್ನು ಕಾಯಿಸುವಾಗ ಒಂದು ತುದಿಯಲ್ಲಿ ಉಂಗುರದಂಥ ಗುರುತು ಕಾಣಿಸಿತು. ಉಳಿದ ಭಾಗ ಕೆಂಪಾದರೂ ಆ ಜಾಗ ಬೇರೆ ಬಣ್ಣ. ತಣ್ಣಗಾದ ಮೇಲೆ ಉಜ್ಜಿ ನೋಡಿದರೆ ಹಳೇ ತೂತೊಂದನ್ನು ವೆಲ್ಡ್ ಮಾಡಿ ಮುಚ್ಚಿ ನಯ ಮಾಡಿದ್ದಾರೆ. ಲಾರಿಯ ಲೀಫ್ ಸ್ಪ್ರಿಂಗ್ ಪಟ್ಟಿಗಳ ನಡುವೆ ಬೋಲ್ಟಿಗೆ ತೂತು ಇರುತ್ತದಲ್ಲ, ಅದು. ಹಳೇ ಸ್ಪ್ರಿಂಗನ್ನು ಚಪ್ಪಟೆ ಮಾಡಿ ಕಳಿಸಿದ್ದರು. ಅವರೇ ಹೇಳಿದಂತೆ ಇದರಿಂದ ಕತ್ತರಿಸಿದ ಒಂದು ತುಂಡನ್ನು ನೀರಿಗೆ ಬಿಟ್ಟೆ. ಟಿಣ್ ಅಂತ ಸಣ್ಣ ಸದ್ದು. ಅಂಚಿನಿಂದ ಒಳಕ್ಕೆ ಕೂದಲೆಳೆಯಷ್ಟು ಬಿರುಕು. ಸ್ಪ್ರಿಂಗ್ ಉಕ್ಕಿಗೆ ಎಣ್ಣೆಯೇ ಬೇಕು, ನೀರಿನ ವೇಗ ಅದು ತಡೆಯುವುದಿಲ್ಲ. ಇಂಥ ಬಿರುಕು ಮಸಿಯ ಕೆಳಗೆ ಕಾಣದೆ ಉಳಿದು, ಅಲಗನ್ನು ಸಾಣೆಗೆ ಕೊಟ್ಟಾಗ ತುಂಡು ಸಿಡಿದರೆ ನೇರ ಮುಖಕ್ಕೆ.

ಹಳೇ ಸ್ಪ್ರಿಂಗ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಮಲೆನಾಡಿನಲ್ಲಿ ಎಷ್ಟೋ ಕತ್ತಿಗಳು ಅದರಿಂದಲೇ ಆಗಿವೆ. ಆದರೆ ಆಚಾರರಿಗೆ ಅದು ಸ್ಪ್ರಿಂಗ್ ಅಂತ ಗೊತ್ತಿರುತ್ತದೆ, ವರ್ಷಗಟ್ಟಲೆ ಕುಣಿದು ಒಳಗೇ ಬಿರುಕು ಬಿಟ್ಟಿರಬಹುದು ಅಂತಲೂ ಗೊತ್ತಿರುತ್ತದೆ, ನೋಡಿ ಆರಿಸುತ್ತಾರೆ. ಹೊಸಬನ ಕೈಗೆ ಅದನ್ನೇ ಬೇರೆ ಹೆಸರಿಟ್ಟು ಕೊಟ್ಟು, ನೀರಲ್ಲಿ ಅದ್ದು ಅನ್ನುವುದು ಅನ್ಯಾಯ.

ಹಾಗಾಗಿ, ಯಾರ ಹತ್ತಿರ ಕೊಂಡರೂ ಸರಿ, ಅಲಗಿನ ಗೆರೆ ಹಾಕುವ ಮೊದಲು ಪಟ್ಟಿಯ ತುದಿಯಿಂದ ಎರಡು ಇಂಚು ಕತ್ತರಿಸಿ. ಆಯಸ್ಕಾಂತ ಬಿಡುವಷ್ಟು ಕಾಯಿಸಿ, ಅದು ಸುಮಾರು 770 ಡಿಗ್ರಿ. ಅದರ ಮೇಲೆ ಇನ್ನೊಂದು ಛಾಯೆ ಕೆಂಪಾದ ಕೂಡಲೇ ಬೆಚ್ಚಗಿನ ಎಣ್ಣೆಗೆ ಇಳಿಸಿ. ಎಣ್ಣೆ ಕಬ್ಬಿಣದ ಡಬ್ಬಿಯಲ್ಲಿರಲಿ, ಮುಚ್ಚಲು ಒಂದು ತಟ್ಟೆ ಪಕ್ಕದಲ್ಲಿರಲಿ, ಬೆಂಕಿ ಹತ್ತಿದರೆ ನೀರು ಮಾತ್ರ ಹಾಕಬೇಡಿ. ಪೂರ್ತಿ ತಣ್ಣಗಾದ ಮೇಲೆ ಮೇಲ್ಪದರ ಉಜ್ಜಿ ಅರ ಜಾರುತ್ತದಾ ನೋಡಿ. ಆಮೇಲೆ ಕಣ್ಣಿನ ರಕ್ಷಣೆಯ ಕನ್ನಡಕ ಹಾಕಿಕೊಂಡು, ತುಂಡನ್ನು ವೈಸಿಗೆ ಕಚ್ಚಿಸಿ, ಬಟ್ಟೆ ಸುತ್ತಿ ಸುತ್ತಿಗೆಯಿಂದ ಹೊಡೆಯಿರಿ. ಇಂಗಾಲ ಇರುವ ಉಕ್ಕಾದರೆ ಬಾಗದೆ ಪಟ್ಟನೆ ಮುರಿಯುತ್ತದೆ. ಮುರಿದ ಜಾಗ ನಯವಾದ ಬೂದು ಬಣ್ಣ ಇದ್ದರೆ ಶಾಖ ಸರಿಯಾಗಿದೆ, ಹರಳು ಹರಳಾಗಿ ಮಿನುಗಿದರೆ ಜಾಸ್ತಿ ಕಾಯಿಸಿದ್ದೀರಿ. ಮುರಿಯದೆ ಬಾಗಿದರೆ ಆ ಪಟ್ಟಿಯಿಂದ ಚಾಕು ಮಾಡುವ ಆಸೆ ಬಿಡಿ. ಒಂದು ಸಂಜೆಯ ಕೆಲಸ ಇದು, ಅರ ಉಜ್ಜುವ ಅಷ್ಟೂ ದಿನದ ಶ್ರಮ ವ್ಯರ್ಥವಾಗುವುದು ತಪ್ಪುತ್ತದೆ.

ಡಿ2 ಅನ್ನುವ ಇನ್ನೊಂದು ಬಗೆಯ ಉಕ್ಕಿನ ಹೆಸರಿಟ್ಟು ಮಾರುವವರೂ ಇದ್ದಾರೆ. ಅದರಲ್ಲಿ ಸುಮಾರು 12% ಕ್ರೋಮಿಯಂ ಇರುತ್ತದೆ, ಹದ ಹಾಕಲು 1,000 ಡಿಗ್ರಿ ಹತ್ತಿರ ಅಳತೆಯಿಟ್ಟು ಕಾಯಿಸುವ ಫರ್ನೇಸ್ ಬೇಕು. ಅದನ್ನು ಮನೆಯ ಕುಲುಮೆಯಲ್ಲಿ ಮಾಡಬಹುದು ಅಂದವರ ಮಾತು ಕೇಳಲೇಬೇಡಿ.

ಹೊಸಬರಿಗೆ ಕುಲುಮೆಯೇ ಬೇಡ ಅಂತ ನನ್ನ ಅಭಿಪ್ರಾಯ. ಹ್ಯಾಕ್ಸಾ ಬ್ಲೇಡು, ಅರ, ಡ್ರಿಲ್ಲು ಇದ್ದರೆ ಪಟ್ಟಿಯಿಂದ ಅಲಗನ್ನು ಕೊರೆದು ತೆಗೆಯಬಹುದು. ಹದ ಹಾಕುವ ಕೆಲಸವನ್ನು, ಮೇಲೆ ಹೇಳಿದ ಪರೀಕ್ಷೆಯ ತುಂಡನ್ನೂ ಸೇರಿಸಿ, ಹೀಟ್ ಟ್ರೀಟ್‌ಮೆಂಟ್ ಮಾಡುವವರಿಗೆ ಕೊಡಿ, ಪೀಣ್ಯದಲ್ಲಿ ಅಂಥ ಘಟಕಗಳಿವೆ. ಗ್ರೇಡ್, ಅಂದರೆ ಉಕ್ಕಿನ ಬಗೆ, ಯಾವುದು ಅಂತ ಅವರೇ ಮೊದಲು ಕೇಳುತ್ತಾರೆ. ಅದಕ್ಕೇ ಬಿಲ್ಲಿನಲ್ಲಿ ಗ್ರೇಡ್ ಬರೆಸಿಕೊಳ್ಳಿ, ಮಿಲ್ ಟೆಸ್ಟ್ ಸರ್ಟಿಫಿಕೇಟಿನ, ಅಂದರೆ ಉಕ್ಕಿನ ಕಾರ್ಖಾನೆ ಪರೀಕ್ಷಿಸಿ ಕೊಡುವ ಪ್ರಮಾಣಪತ್ರದ, ಪ್ರತಿ ಕೇಳಿ. ನನ್ನ ಬಿಲ್ಲಿನಲ್ಲಿ ಬರೀ ‘ಹಾಬಿ ಕಿಟ್’ ಅಂತಿತ್ತು, 1095 ಅನ್ನುವ ಮಾತೇ ಇರಲಿಲ್ಲ. ಹಣ ವಾಪಸ್ ಕೇಳಿದಾಗ ಅವರು ಹಿಡಿದುಕೊಂಡಿದ್ದು ಅದನ್ನೇ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಮಾರಾಟದ ಪುಟದಲ್ಲಿ 1095 ಅಂತ ಹಾಕಿದ್ದ ಜಾಗದ ಸ್ಕ್ರೀನ್‌ಶಾಟು ನನ್ನ ಹತ್ತಿರ ಇತ್ತು, ಅದನ್ನೂ ಲಗತ್ತಿಸಿದ್ದೇನೆ. ನೀವು ಕೊಳ್ಳುವ ದಿನವೇ ಅಂಥದ್ದೊಂದು ತೆಗೆದಿಟ್ಟುಕೊಳ್ಳಿ.

ಇಂಥ ಕಿಟ್ ಈಗಾಗಲೇ ಮನೆಗೆ ಬಂದಿದ್ದರೆ, ಹಿಡಿಯ ಪಿನ್ನಿಗೆ ತೂತು ಕೊರೆಯುವ ಮೊದಲು ಆ ಎರಡು ಇಂಚಿನ ತುಂಡಿಗೆ ಹದ ಹಾಕಿ ಮುರಿದು ನೋಡಿ. ಕುಲುಮೆಯ ತಗಡು ಬೆಳ್ಳಗೆ ಹೊಳೆಯುತ್ತಾ ಹೂವಿನಂಥ ಚಿತ್ತಾರ ಕಾಣಿಸಿದರೆ ಅದು ಸತುವಿನದ್ದು, ಹೊತ್ತಿಸಬೇಡಿ.