ಅಜ್ಜಿಯ ಸೋಬಾನೆಗೆ ಯಾವ ಕ್ಯಾಮೆರಾ?

ನನ್ನ ಹತ್ತಿರ ಇದ್ದದ್ದು 15,000 ರೂಪಾಯಿ. ಅದರಲ್ಲಿ 6,000 ಬೈಕಿಗೆ, ಹೆಲ್ಮೆಟ್ಟಿಗೆ ಸಿಕ್ಕಿಸುವ ಪುಟ್ಟ ಆಕ್ಷನ್ ಕ್ಯಾಮೆರಾಕ್ಕೆ ಹೋಯಿತು, ಅದು ತಪ್ಪು ಆಯ್ಕೆ. ಉಳಿದ 9,000ಕ್ಕೆ ಮೆಮೊರಿ ಕಾರ್ಡ್ ಹಾಕುವ ಸೆಕೆಂಡ್‌ಹ್ಯಾಂಡ್ ಕ್ಯಾಮ್‌ಕಾರ್ಡರ್ ಸಿಕ್ಕಿತು. ಮನೆಯ ವಿಡಿಯೊಗೆ ಈಗ ನಾನು ಎತ್ತಿಕೊಳ್ಳುವುದು ಅದನ್ನೇ.

ಆಕ್ಷನ್ ಕ್ಯಾಮೆರಾದ ಲೆನ್ಸ್ ತೀರಾ ಅಗಲ. ಹೊಳೆಯಲ್ಲಿ ಆಡುವ ಮಕ್ಕಳನ್ನು ತೆಗೆಯಲು ಸೊಗಸು. ಆದರೆ ತಂಗಿಯ ಮದುವೆಯಲ್ಲಿ ನಡುಮನೆಯ ಆ ತುದಿಯಲ್ಲಿ ಕೂತು ಸೋಬಾನೆ ಹಾಡಿದ ಅಜ್ಜಿಯ ಮುಖ ಅಡಿಕೆಯಷ್ಟು ಕಂಡಿತು. ನೀರು ಹೋಗದ ಕವಚದೊಳಗೇ ಇಟ್ಟಿದ್ದರಿಂದ ದನಿಯೂ ಕೊಡದೊಳಗಿಂದ ಬಂದಂತಿತ್ತು.

ಫೋನಿನ ಚಿತ್ರ ಚೆಂದ. ಮಬ್ಬು ಬೆಳಕಿನಲ್ಲಂತೂ ನನ್ನ ಕ್ಯಾಮ್‌ಕಾರ್ಡರಿಗಿಂತ ಮೇಲು. ಆದರೆ ನಡುವೆ ಕರೆ ಬರುತ್ತದೆ, ಜಾಗ ತುಂಬುತ್ತದೆ, ದೂರದ ಮುಖವನ್ನು ಹಿಗ್ಗಿಸಿದರೆ ಒಡೆದು ಕಾಣುತ್ತದೆ. ಕ್ಯಾಮ್‌ಕಾರ್ಡರಿನಲ್ಲಿ 30 ಪಟ್ಟು ಆಪ್ಟಿಕಲ್ ಜೂಮ್ ಇದೆ, ಅಂದರೆ ಚಿತ್ರ ಒಡೆಯದಂತೆ ಲೆನ್ಸೇ ದೂರದ್ದನ್ನು ಹತ್ತಿರ ತರುತ್ತದೆ. ಬಾಗಿಲ ಬಳಿ ಸ್ಟ್ಯಾಂಡ್ ಹಾಕಿ ನಿಂತರೆ ಅಜ್ಜಿಗೆ ಕ್ಯಾಮೆರಾ ಇರುವುದೇ ಮರೆತುಹೋಗುತ್ತದೆ. ಆಗಲೇ ಅವರ ಹಾಡು ಬಿಚ್ಚಿಕೊಳ್ಳುವುದು.

ಕಾಡಿದ್ದು ಒಂದೇ ತೊಂದರೆ. ಇದು ವಿಡಿಯೊವನ್ನು ಎವಿಸಿಎಚ್‌ಡಿ ಎಂಬ ಫೈಲು ರೂಪದಲ್ಲಿ ಉಳಿಸುವ ಕ್ಯಾಮೆರಾ. ಫೈಲು 2 ಜಿಬಿ ಮುಟ್ಟಿದ ಕೂಡಲೇ ತಾನೇ ಹೊಸ ಫೈಲು ಶುರು ಮಾಡುತ್ತದೆ. ನಾನು ಇಟ್ಟಿದ್ದ ಸೆಕೆಂಡಿಗೆ 17 ಮೆಗಾಬಿಟ್ ಗುಣಮಟ್ಟದಲ್ಲಿ ಅದು ಸುಮಾರು 16 ನಿಮಿಷ. ತಂಗಿಯ ಸೀಮಂತದ ದಿನ ಎಡೆಬಿಡದೆ ತೆಗೆದಿದ್ದೆ. ಎಡಿಟಿಂಗಿಗೆ ಕೂತು ಎರಡು ತುಂಡನ್ನು ಪಕ್ಕಪಕ್ಕ ಇಟ್ಟರೆ, ಅಜ್ಜಿ 'ಸೋ' ಎಂದು ಎಳೆಯುವ ಕಡೆಯೇ ದನಿ ಕ್ಷಣ ಹೊತ್ತು ಕಡಿಯಿತು. ಕಾರ್ಡು ಕೆಟ್ಟಿದೆ ಎಂದುಕೊಂಡೆ, ಹೊಸ ಕಾರ್ಡು ಹಾಕಿ ನೋಡಿದೆ, ಅಲ್ಲೂ ಅದೇ.

ಎರಡು ಸಂಜೆ ಕಳೆದ ಮೇಲೆ ತಿಳಿಯಿತು: ಕ್ಯಾಮೆರಾ ಫೈಲನ್ನು ಕತ್ತರಿಸುವುದು ಚೌಕಟ್ಟು, ಅಂದರೆ ವಿಡಿಯೊದ ಒಂದೊಂದು ಚಿತ್ರ, ಎಲ್ಲಿ ಮುಗಿಯುತ್ತದೆಂದು ನೋಡಿ ಅಲ್ಲ, ಗಾತ್ರ ನೋಡಿ. ಒಂದರ ಕೊನೆಯ ಚೂರು ಇನ್ನೊಂದರ ತಲೆಯಲ್ಲಿ ಉಳಿದಿರುತ್ತದೆ. ಎಡಿಟಿಂಗಿಗೆ ಹಾಕುವ ಮೊದಲೇ, ವಿಂಡೋಸ್ ಕಮಾಂಡ್ ಪ್ರಾಂಪ್ಟಿನಲ್ಲಿ ಕಾಪಿ (copy) ಆದೇಶಕ್ಕೆ '/b' ಸೇರಿಸಿ ಎರಡನ್ನೂ ಕ್ರಮವಾಗಿ ಬೆಸೆದೆ. ಹಾಡು ಒಂದೇ ಉಸಿರಿನಲ್ಲಿ ಬಂತು. ಅಂದಿನಿಂದ ಯಾವ ತುಂಡೂ ತಪ್ಪದಿರಲೆಂದು ಕಾರ್ಡಿನ ಫೋಲ್ಡರನ್ನು ಇಡಿಯಾಗಿ ನಕಲು ಮಾಡಿಕೊಳ್ಳುತ್ತೇನೆ.

ಮಿನಿ ಡಿವಿ ಟೇಪಿನ ಕ್ಯಾಮೆರಾ ಇನ್ನೂ ಅಗ್ಗಕ್ಕೆ ಸಿಗುತ್ತಿತ್ತು. 60 ನಿಮಿಷದ ಟೇಪು ಕಂಪ್ಯೂಟರಿಗೆ ಇಳಿಯಲು 60 ನಿಮಿಷವೇ ಬೇಕು, ಅದಕ್ಕೆ ತಂತಿ ಜೋಡಿಸುವ ಫೈರ್‌ವೈರ್ ಎಂಬ ಕಿಂಡಿಯೂ ನನ್ನ ಲ್ಯಾಪ್‌ಟಾಪಿನಲ್ಲಿ ಇಲ್ಲ. ಬಿಟ್ಟೆ.

ಬೈಕು, ಬೆಟ್ಟ ಎಂದು ಸುತ್ತುವವರು ಆಕ್ಷನ್ ಕ್ಯಾಮೆರಾ ಕೊಳ್ಳಲಿ. ನಾವು ತೆಗೆಯುವುದು ಹಬ್ಬ, ಹಾಡು, ಜಗಲಿಯ ಮಾತು. ಕ್ಯಾಮ್‌ಕಾರ್ಡರಿನ ಹಳೆಯ ಬ್ಯಾಟರಿ ಮಾತ್ರ 40 ನಿಮಿಷಕ್ಕೇ ಸುಸ್ತಾಗುತ್ತದೆ. ಮುಂದಿನ ತಿಂಗಳು ತಂಗಿಯ ಮಗುವಿನ ನಾಮಕರಣ. ಇನ್ನೊಂದು ಬ್ಯಾಟರಿಗೆ ಅಂಗಡಿಯಲ್ಲಿ ಹೇಳಿಟ್ಟಿದ್ದೇನೆ.